ಕಣ್ಣ ಕಸ ತೆಗೆಯುವ ಲಕ್ಷ್ಮವ್ವ

ಶಲವಡಿಯ ಎರೆಹೊಲಗಳಲ್ಲಿ ಜೋಳದ ರಾಶಿ ಶುರುವಾಯಿತೆಂದರೆ ಲಕ್ಷ್ಮವ್ವನ ಮನೆಯ ಕಟ್ಟೆ ಖಾಲಿ ಇರುತ್ತಿರಲಿಲ್ಲ. ಟವೆಲ್ಲಿನ ತುದಿಯಿಂದ ಒಂದು ಕಣ್ಣು ಒತ್ತಿ ಹಿಡಿದು, ಮೂಗು ಸೊರಸೊರ ಎಳೆಯುತ್ತ, ಯಾರಾದರೊಬ್ಬರು ಅಲ್ಲಿ ಕೂತೇ ಇರುತ್ತಿದ್ದರು. ಎತ್ತು ಕಟ್ಟಿ ತುಳಿಸುತ್ತಿದ್ದ ಕಾಲಕ್ಕಿಂತ ಈ ಮಷೀನಿನ ಕಾಲದಲ್ಲೇ ಹೊಟ್ಟು ಹೆಚ್ಚು ಹಾರುತ್ತದೆ, ಹಾರಿದ್ದು ನೇರ ಕಣ್ಣಿಗೇ ಬರುತ್ತದೆ. ಬಂದವರ ಕಣ್ಣಿನ ಕಸವನ್ನು ಲಕ್ಷ್ಮವ್ವ ತೆಗೆದು ಕೊಡುತ್ತಿದ್ದಳು. ಅದಕ್ಕೆ ಕಡ್ಡಿ ಬೇಕಿಲ್ಲ, ಬಟ್ಟೆ ಬೇಕಿಲ್ಲ. ನಾಲಿಗೆಯ ತುದಿಯಿಂದಲೇ ತೆಗೆಯುತ್ತಿದ್ದಳು.

ಮುಖ ಸಿಂಡರಿಸಬೇಡಿ. ರೆಪ್ಪೆಯೊಳಗೆ ಗೋಧಿ ತೆನೆಯ ಚೂಪು ಸುಂಕು ಸಿಕ್ಕಿ ಒದ್ದಾಡಿದವರನ್ನು ಕೇಳಿ ನೋಡಿ. ಅಣ್ಣಿಗೇರಿಗೆ ಬಸ್ಸು ಹತ್ತಿ, ಚೀಟಿ ಮಾಡಿಸಿ, ಡಾಕ್ಟರು ಊಟ ಮುಗಿಸಿ ಬರುವವರೆಗೆ ಬೆಂಚಿನ ಮೇಲೆ ಕಾಯುವುದಕ್ಕಿಂತ ಲಕ್ಷ್ಮವ್ವನ ಕಟ್ಟೆಯೇ ಹತ್ತಿರ ಅನ್ನುತ್ತಾರೆ. ಲಕ್ಷ್ಮವ್ವನಂಥ ಕುರುಬರ ಮನೆಯಲ್ಲಿ ನೀರು ಕುಡಿಯದ ಈರಬಸಪ್ಪನವರೂ ಒಂದು ಸುಗ್ಗಿಯಲ್ಲಿ ಬಂದು, ಕಣ್ಣಗಲಿಸಿ, ಮಗುವಿನ ಹಾಗೆ ಮುಖ ಮೇಲೆತ್ತಿ ಕೂತಿದ್ದರು. ಮಡಿಯೆಲ್ಲ ಕಣ್ಣಲ್ಲಿ ಕಸ ಬೀಳುವತನಕ ಅಷ್ಟೇ ಎಂದು ಲಕ್ಷ್ಮವ್ವ ಆಮೇಲೆ ಮನೆಯೊಳಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಈ ವಿದ್ಯೆ ಅವಳಿಗೆ ಅತ್ತೆಯಿಂದ ಬಂದದ್ದು. ಅತ್ತೆ ವಿದ್ಯೆಯ ಜೊತೆಗೆ ಕಟ್ಟುಪಾಡನ್ನೂ ಕೊಟ್ಟಿದ್ದಳು. ಎಲೆ ಅಡಿಕೆ, ತಂಬಾಕು ಬಾಯಿಗೆ ಸೋಕಬಾರದು. ಮೊದಲು ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಬೇಕು. ದುಡ್ಡು ಮುಟ್ಟಬಾರದು. ಕಬ್ಬಿಣದ ಚೂರು ಬಿದ್ದಿದ್ದರೆ ಕೈ ಹಾಕದೆ ದವಾಖಾನೆಗೆ ಕಳಿಸಬೇಕು. ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿದ್ದು ಇದು: ಮೂರು ಸಲ ನಾಲಿಗೆ ಹಾಕಿದರೂ ಬರಲಿಲ್ಲವೆಂದರೆ ಅದು ನಿನ್ನ ಕೈಯಿಂದ ಆಗುವುದಲ್ಲ, ಬಿಟ್ಟುಬಿಡು. ಲಕ್ಷ್ಮವ್ವ ನಾಲ್ಕನೆಯ ಸಲ ಹಾಕಿದವಳೇ ಅಲ್ಲ. ಮೂರರೊಳಗೆ ಬಾರದ ಕಸ ಅಪರೂಪವೂ ಆಗಿತ್ತು. ಮುಂದಿನ ಹಲ್ಲು ಉದುರಿದ ಮೇಲಂತೂ ಕೆಲಸ ಇನ್ನೂ ಸಲೀಸಾಯಿತು ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಕಸ ಬಂದಕೂಡಲೇ ಅದನ್ನು ಅಂಗೈಗೆ ಉಗುಳಿ ಬೆಳಕಿಗೆ ಹಿಡಿದು ತೋರಿಸುವಳು, "ನೋಡ್ರಿ, ಇದ ಇತ್ತು. ಕಸಾ ನನಗ, ಕಣ್ಣು ನಿಮಗ."

ಅವಳ ಮನೆಯಲ್ಲಿ ಗಂಡ ಗೂಳಪ್ಪ ಮತ್ತು ಮಗಳ ಮಗಳು ಸುಧಾರಾಣಿ. ಗೂಳಪ್ಪ ಕುರಿ ಹಿಂದೆ ಊರೂರು ತಿರುಗುವವನು, ಮನೆಯಲ್ಲಿ ಇದ್ದದ್ದಕ್ಕಿಂತ ಅಡವಿಯಲ್ಲಿ ಇದ್ದದ್ದೇ ಹೆಚ್ಚು. ಮಗಳು ರೇಣವ್ವ ಗಂಡನ ಜೊತೆ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋಗುವಾಗ, ಶಾಲೆ ತಪ್ಪಬಾರದೆಂದು ಸುಧಾಳನ್ನು ತಾಯಿಯ ಬಳಿ ಬಿಟ್ಟು ಹೋಗಿದ್ದಳು. ಹೋಗುವಾಗ ಅವಳು ಹೇಳಿದ್ದು ಒಂದೇ ಮಾತು, "ಯವ್ವಾ, ಇಕಿ ಕಣ್ಣು ಸೂಕ್ಷ್ಮ ಅದಾವ, ನೋಡಕೋ."

ಕಣ್ಣು ಸೂಕ್ಷ್ಮ ಅನ್ನುವುದು ತಾಯಿಯ ಮಾತು. ಊರಿನ ಹುಡುಗರು ಸುಧಾಳಿಗೆ ಸೋಡಾ ಬಾಟಲಿ ಅನ್ನುತ್ತಿದ್ದರು. ಅವಳ ಕನ್ನಡಕದ ಗಾಜು ಅಷ್ಟು ದಪ್ಪ. ಕನ್ನಡಕ ತೆಗೆದರೆ ಬಾಗಿಲಲ್ಲಿ ನಿಂತದ್ದು ಅವಳು ಆಯಿ ಎನ್ನುವ ಅಜ್ಜಿಯೋ, ಮುತ್ಯಾ ಎನ್ನುವ ಅಜ್ಜನೋ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೂ ಹುಡುಗಿ ಚುರುಕು. ಹತ್ತನೆಯದು ಮುಗಿಸಿದ ಮೇಲೆ ಅಣ್ಣಿಗೇರಿಯಲ್ಲಿ ಶೈಲಾ ಎಂಬವಳು ನಡೆಸುವ ರೊಟ್ಟಿ ಕೇಂದ್ರಕ್ಕೆ ಕೆಲಸಕ್ಕೆ ಸೇರಿದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವಳು. ಅವಳು ಬಡಿದ ರೊಟ್ಟಿ ಹಪ್ಪಳದಷ್ಟು ತೆಳು. ಧಾರವಾಡದ ಮದುವೆ ಮನೆಗಳಿಗೆಲ್ಲ ಅವೇ ಹೋಗುತ್ತಿದ್ದವು.

ತಾಪತ್ರಯ ಇದ್ದದ್ದು ಉಗಿಯದು. ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿದು ನಾದುವಾಗ ಕನ್ನಡಕಕ್ಕೆ ಮಂಜು ಕವಿಯುತ್ತದೆ. ಒಲೆಯ ಮುಂದೆ ಬೆವರಿಗೆ ಮೂಗಿನಿಂದ ಜಾರಿ ಹಿಟ್ಟಿನಲ್ಲಿ ಬೀಳುತ್ತದೆ. ಹಿಟ್ಟಿನ ಕೈಯಲ್ಲಿ ಒರೆಸುವ ಹಾಗಿಲ್ಲ. ಹೆಂಚಿನ ಮೇಲಿನ ರೊಟ್ಟಿ ಯಾವಾಗ ಹೊರಳಿಸಬೇಕೆಂದು ವಾಸನೆಯಿಂದ ತಿಳಿಯುವಷ್ಟರಲ್ಲಿ ಅದು ಸೀದಿರುತ್ತದೆ. ಶೈಲಾ ಕೆಟ್ಟವಳಲ್ಲ. ಆದರೆ ಸೀದ ರೊಟ್ಟಿ ಕಂಡರೆ ಯಾರು ಸುಮ್ಮನಿರುತ್ತಾರೆ? "ಕಣ್ಣಿಗಿ ಹಾಕೊಳ್ಳೂ ಲೆನ್ಸ್ ಬರತಾವಲ್ಲ, ಹುಬ್ಬಳ್ಳ್ಯಾಗ ಸಿಗತಾವು, ಅವನ್ನರ ಹಾಕೋ" ಎಂದು ಅವಳೇ ಒಂದು ದಿನ ಅಂದಳು.

ಸುಧಾ ಹುಬ್ಬಳ್ಳಿಗೆ ಹೋಗಿ ಒಂದು ಕನ್ನಡಕದ ಅಂಗಡಿಯಿಂದ ಲೆನ್ಸ್ ತಂದಳು. ಅಂಗಡಿಯವನು ಅದನ್ನು ಬೆರಳ ತುದಿಯಲ್ಲಿಟ್ಟು ಕಣ್ಣಿಗೆ ಅಂಟಿಸಿ, ಒಂದು ಪುಟ್ಟ ಡಬ್ಬಿ, ಒಂದು ಸಣ್ಣ ಬಾಟಲಿ ಔಷಧಿ ನೀರು ಕೈಗೆ ಕೊಟ್ಟು, ರಾತ್ರಿ ತೆಗೆದು ಇದರಲ್ಲಿ ಇಡಿ ಎಂದನಂತೆ. ಅಷ್ಟೇ. ಎಮ್ಮೆ ಮಾರುವವನೂ ಒಂದು ಗಳಿಗೆ ನಿಂತು ಅದರ ಗುಣ ಅವಗುಣ ಹೇಳುತ್ತಾನೆ. ಈ ಪುಣ್ಯಾತ್ಮನಿಗೆ ಅಷ್ಟೂ ಪುರುಸೊತ್ತಿರಲಿಲ್ಲ. ಅಂಗಡಿಯಿಂದ ಹೊರಗೆ ಬಂದ ಸುಧಾಳಿಗೆ ರಸ್ತೆಯಾಚೆಯ ಬೇವಿನ ಮರದ ಎಲೆಗಳು ಒಂದೊಂದಾಗಿ ಕಂಡವು. ನಂಬರು ಸಾಲದ ಹಳೆಯ ಕನ್ನಡಕದಲ್ಲಿ ನೋಡಿ ಮರವೆಂದರೆ ಹಸಿರು ಮುದ್ದೆ ಎಂದೇ ತಿಳಿದಿದ್ದ ಹುಡುಗಿ ಬಸ್ಸು ತಪ್ಪಿಸಿಕೊಂಡು ಅದನ್ನೇ ನೋಡುತ್ತ ನಿಂತಳು.

ಮನೆಗೆ ಬಂದವಳಿಗೆ ಆಯಿಗೆ ನಿಜ ಹೇಳಲು ಧೈರ್ಯ ಸಾಲಲಿಲ್ಲ. ಜನ್ಮವಿಡೀ ಜನರ ಕಣ್ಣೊಳಗಿಂದ ತೆಗೆದವಳ ಮುಂದೆ ನಾನು ಕಣ್ಣೊಳಗೆ ಇಟ್ಟುಕೊಂಡೆ ಎಂದು ಹೇಗೆ ಹೇಳುವುದು?

"ಹುಬ್ಬಳ್ಳ್ಯಾಗ ಔಷಧ ಹಾಕ್ಯಾರ ಆಯಿ. ಇನ್ನ ಕನ್ನಡಕ ಬ್ಯಾಡಂತ" ಎಂದಳು.

ಲಕ್ಷ್ಮವ್ವ ಮೊಮ್ಮಗಳ ಗದ್ದ ಹಿಡಿದು, ಬರಿಗಣ್ಣಿನ ಆ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ದೃಷ್ಟಿ ತೆಗೆದಳು. ಸಂಜೆಯೊಳಗೆ ಓಣಿಗೆಲ್ಲ ಹೇಳಿ ಬಂದಳು. ಸುಳ್ಳು ಓಣಿ ತುಂಬ ಹರಡಿದ ಮೇಲೆ ಅದನ್ನು ಕಾಯಬೇಕಾಯಿತು. ಸುಧಾ ಮಲಗುವುದು ಆಯಿಯ ಮಗ್ಗುಲಲ್ಲೇ. ಲೆನ್ಸ್ ತೆಗೆದರೆ ಕನ್ನಡಕ ಬೇಕು, ಕನ್ನಡಕ ಹಾಕಿದರೆ ಗುಟ್ಟು ರಟ್ಟು. ಹಾಗಾಗಿ ಹುಡುಗಿ ಲೆನ್ಸ್ ಹಾಕಿಕೊಂಡೇ ಮಲಗತೊಡಗಿದಳು. ಯಾವಾಗಾದರೊಮ್ಮೆ ರೊಟ್ಟಿ ಕೇಂದ್ರದ ಬಚ್ಚಲಲ್ಲಿ ತೆಗೆದು ತೊಳೆದು ಮತ್ತೆ ಹಾಕಿಕೊಳ್ಳುವಳು. ಔಷಧಿ ನೀರು ಬೇಗ ಮುಗಿಯಿತು. ಮತ್ತೆ ಹುಬ್ಬಳ್ಳಿಗೆ ಹೋಗುವುದು ನಾಳೆ ನಾಡಿದ್ದೆಂದು ಮುಂದಕ್ಕೆ ಹೋಯಿತು.

ಕಡಲೆ ಕೀಳುವ ದಿನಗಳವು, ಒಣಗಾಳಿ ಬೀಸುತ್ತಿತ್ತು. ಒಂದು ಸಂಜೆ ಸುಧಾ ಬಲಗಣ್ಣು ಕೆಂಪಗೆ ಮಾಡಿಕೊಂಡು ಬಸ್ಸಿಳಿದು ಬಂದಳು. ಒಲೆಯ ಝಳಕ್ಕೆ ಲೆನ್ಸ್ ಒಣಗಿ ಕಣ್ಣಿಗೆ ಕಚ್ಚಿಕೊಂಡಿತ್ತು. ಉಗುರಿನಿಂದ ಕೆರೆದಷ್ಟೂ ಉರಿ ಹೆಚ್ಚಾಗಿತ್ತು.

"ಆಯಿ, ಕಣ್ಣಾಗ ಏನೋ ಬಿದ್ದೈತಿ. ತಗಿ" ಎಂದಳು. ಏನು ಬಿದ್ದಿದೆ ಎಂದು ಹೇಳಲಿಲ್ಲ.

ಲಕ್ಷ್ಮವ್ವ ಬಾಯಿ ಮುಕ್ಕಳಿಸಿ ಬಂದು, ಎರಡು ಬೆರಳಿಂದ ರೆಪ್ಪೆ ಅಗಲಿಸಿ ನಾಲಿಗೆ ಇಟ್ಟಳು. ಏನೋ ನುಣ್ಣಗೆ ತಾಗಿತು. ಹೊಟ್ಟಲ್ಲ, ಮಣ್ಣಲ್ಲ. ಇಂಥದ್ದು ಅವಳ ನಾಲಿಗೆಗೆ ಎಂದೂ ಸಿಕ್ಕಿರಲಿಲ್ಲ. ಎರಡನೆಯ ಸಲ ಜಾರಿತು. ಮೂರನೆಯ ಸಲ ಕಿತ್ತುಕೊಂಡು ಬಂತು. ರೂಢಿಯಂತೆ ಅಂಗೈಗೆ ಉಗುಳಿ ಬೆಳಕಿಗೆ ಹಿಡಿದರೆ, ಉಳ್ಳಾಗಡ್ಡಿಯ ಒಳಪೊರೆಯ ಹಾಗೆ ತೆಳ್ಳಗಿನ ಒಂದು ಚೂರು. ಕಣ್ಣಿನ ಪೊರೆಯನ್ನೇ ಕಿತ್ತೆನಲ್ಲ ಎಂದು ಲಕ್ಷ್ಮವ್ವ ಹಣೆ ಬಡಿದುಕೊಂಡಳು.

"ಅಂಜಬ್ಯಾಡ ಆಯಿ, ಅದು ಕಣ್ಣಲ್ಲ" ಎಂದು ಸುಧಾ ಅಳುತ್ತ ನಗುತ್ತ ಎಲ್ಲ ಹೇಳಿದಳು.

ಲಕ್ಷ್ಮವ್ವ ಬೈದಳು, ಚೆನ್ನಾಗಿಯೇ ಬೈದಳು. "ನಾ ಸಾಯೂತನಕ ಮಂದಿ ಕಣ್ಣಾಗಿಂದು ತಗೀತೀನಿ, ನೀ ತಂದು ಒಳಗ ಇಟಗೊಂಡಿ. ಬುದ್ಧಿ ಎಲ್ಲಿ ಇಟ್ಟಿದ್ದಿ ಬೇ?" ಆದರೆ ಬೈಗಳು ಮುಗಿದ ಮೇಲೆ ಹುಡುಗಿ, ಇದಿಲ್ಲದಿದ್ದರೆ ರೊಟ್ಟಿ ಸೀಯುತ್ತವೆ, ಶೈಲಕ್ಕ ಬೇರೆಯವರನ್ನು ನೋಡಿಕೊಳ್ಳುತ್ತಾಳೆ, ಮರದ ಎಲೆ ಮತ್ತೆ ಕಾಣುವುದಿಲ್ಲ ಎಂದು ಒಂದೊಂದೇ ಹೇಳತೊಡಗಿದಳು. ಎಲೆಯ ಮಾತು ಕೇಳಿ ಲಕ್ಷ್ಮವ್ವ ಕರಗಿಬಿಟ್ಟಳು. ಪ್ರೀತಿ ಇದ್ದಲ್ಲಿ ಬುದ್ಧಿ ಒಂದು ಹೆಜ್ಜೆ ಹಿಂದೆಯೇ.

"ಮತ್ತ ಇದನ್ನ ಯಾವ ನೀರಾಗ ತೊಳೀತಿ?"

"ನಳದ ನೀರಾಗ."

"ಅಯ್ಯ, ಸವಳು ನೀರು. ಉರೀತೈತಿ. ತಡಿ."

ಆ ಸೀಮೆಯಲ್ಲಿ ಬೋರಿನ ನೀರೆಲ್ಲ ಸವಳು. ಬೇಳೆ ಬೇಯದು, ಸಾಬೂನು ನೊರೆ ಬಿಡದು. ಕುಡಿಯಲು ಕೆರೆಯ ನೀರೇ. ಅದನ್ನು ಸಿಹಿನೀರು ಅನ್ನುತ್ತಾರೆ, ಅದರ ದಂಡೆಯಲ್ಲಿ ಚಪ್ಪಲಿ ಬಿಡುತ್ತಾರೆ, ಬಾಣಂತಿಗೂ ಸಾಯುವವರಿಗೂ ಅದನ್ನೇ ಬಾಯಿಗೆ ಹಾಕುತ್ತಾರೆ. ಲಕ್ಷ್ಮವ್ವ ಅದಕ್ಕೆ ಪಟಿಕದ ಕಲ್ಲು ಆಡಿಸಿ ತಿಳಿಮಾಡಿ, ಬಿಳಿ ಬಟ್ಟೆಯಲ್ಲಿ ಸೋಸಿ ತಾಮ್ರದ ಹಂಡೆಯಲ್ಲಿ ತುಂಬಿಡುತ್ತಿದ್ದಳು. ಆ ಸಂಜೆ ಅದೇ ಹಂಡೆಯಿಂದ ಒಂದು ಬಟ್ಟಲು ನೀರು ತೆಗೆದು, ಆ ಪೊರೆಯನ್ನು ತನ್ನ ಕೈಯಾರೆ ಅದರಲ್ಲಿ ಬಿಟ್ಟು, ಮೇಲೆ ತಟ್ಟೆ ಮುಚ್ಚಿ, ದೇವರ ಜಗುಲಿಯ ಮೇಲೆ ಇಟ್ಟಳು. ಮನೆಯಲ್ಲಿ ಅದಕ್ಕಿಂತ ಶುದ್ಧವಾದ ನೀರೂ ಇರಲಿಲ್ಲ, ಶುದ್ಧವಾದ ಜಾಗವೂ ಇರಲಿಲ್ಲ. ಎಡಗಣ್ಣಿನದು ಉರಿಯದ್ದರಿಂದ ಅದನ್ನು ತೆಗೆದಿರಲಿಲ್ಲ. ಮುಂಜಾನೆ ಸುಧಾ ಬಟ್ಟಲಿನದನ್ನು ತೆಗೆದು ಬಲಗಣ್ಣಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಮರುದಿನವೂ ಹಾಗೆಯೇ, ಅದರ ಮರುದಿನವೂ.

ಆಮೇಲೆ ನೋವು ಶುರುವಾಯಿತು. ಲೆನ್ಸ್ ತೆಗೆದಿಟ್ಟರೂ ಹೋಗದ ನೋವು. ಬೆಳಕು ಕಂಡರೆ ಸುಧಾ ಕಿರುಚುವಳು. ಬಾಗಿಲು ಮುಚ್ಚಿ, ಕಂಬಳಿ ಹೊದ್ದು ಮೂಲೆ ಸೇರಿದಳು. ಲಕ್ಷ್ಮವ್ವ ಎಂದಿನಂತೆ ಬಾಯಿ ಮುಕ್ಕಳಿಸಿ ಕೂತು, ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕರಿಗುಡ್ಡೆಯ ಮೇಲೆ, ನಟ್ಟನಡುವೆ, ಒರಟಾದ ಒಂದು ಕಾಳಿನಂಥದು ನಾಲಿಗೆಗೆ ತಾಗಿತು.

"ಐತಿ, ಐತಿ. ಇಲ್ಲೇ ಐತಿ" ಎಂದಳು ಸಮಾಧಾನದಿಂದ.

ಮೊದಲ ಸಲ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಮೂರನೆಯ ಸಲ ಬರಲಿಲ್ಲ. ಅತ್ತೆಯ ಮಾತು ನೆನಪಾಯಿತು. ಪರರ ಮಗುವಾಗಿದ್ದರೆ ಅಲ್ಲಿಗೆ ನಿಲ್ಲಿಸಿ, ಬಸ್ಸು ಹತ್ತಿಸಿ ಕಳಿಸುತ್ತಿದ್ದಳು. ತೊಡೆಯ ಮೇಲೆ ನರಳುತ್ತಿದ್ದದ್ದು ತನ್ನ ಮಗು. ಸಾವಿರ ಮಂದಿಯ ಕಸ ತೆಗೆದ ನಾಲಿಗೆ ತನ್ನ ಮಗುವಿಗೆ ಕೆಲಸಕ್ಕೆ ಬಾರದೇ ಹೋದೀತೇ? ನಾಲ್ಕನೆಯ ಸಲ ಹಾಕಿದಳು. ಐದನೆಯ ಸಲ ಹಾಕಿದಳು. ಮರುದಿನ ಮತ್ತೆ ಹಾಕಿದಳು. "ತಡಿ ನನ ಮಗಳ, ಇನ್ನೊಂದ್ ಸಲ, ಬಂತು, ಬಂತು" ಎನ್ನುತ್ತಲೇ ಇದ್ದಳು. ಸುಧಾ ಅವಳ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು ಹಲ್ಲು ಕಚ್ಚಿಕೊಂಡು ತಡೆದಳು. ಆಯಿ ತೆಗೆಯುತ್ತಾಳೆ ಎಂಬ ನಂಬಿಕೆ ಅವಳದು.

ತೆಗೆಯಲು ಅಲ್ಲಿ ಕಸವೇ ಇರಲಿಲ್ಲ. ಆ ಒರಟು ಕಾಳು ಅವಳ ಕಣ್ಣೇ. ಅದು ಹುಣ್ಣಾಗಿ ಒಡೆಯುತ್ತಿತ್ತು.

ಕರಿಗುಡ್ಡೆಯ ನಡುವೆ ಬಿಳಿ ಚುಕ್ಕೆ ಕಂಡ ದಿನ ಲಕ್ಷ್ಮವ್ವ ಬೆಚ್ಚಿ, ಹುಡುಗಿಯನ್ನು ಕರೆದುಕೊಂಡು ಹುಬ್ಬಳ್ಳಿಯ ದೊಡ್ಡ ಕಣ್ಣಿನ ದವಾಖಾನೆಗೆ ಓಡಿದಳು. ಅಲ್ಲಿ ಡಾಕ್ಟರು ಒಬ್ಬ ನಡುವಯಸ್ಸಿನ ಹೆಣ್ಣುಮಗಳು. ಕತ್ತಲೆ ಕೋಣೆಯಲ್ಲಿ ಸುಧಾಳ ಗದ್ದವನ್ನು ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು.

"ಲೆನ್ಸ್ ಹಾಕೊಂಡ ಮಲಗತಿದ್ದೇನು?"

"ಹೂಂ ರೀ."

"ಯಾವ ನೀರಾಗ ಇಡತಿದ್ದಿ?"

ಸುಧಾ ತಲೆ ತಗ್ಗಿಸಿದಳು. "ಕೆರಿ ನೀರಾಗ ರೀ."

ಡಾಕ್ಟರು ಸಿಟ್ಟು ಮಾಡಲಿಲ್ಲ. ಒಂದು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ಅಜ್ಜಿಗೂ ಕಾಣುವ ಹಾಗೆ ಹಿಡಿದರು. "ನೋಡಬೇ ಅಜ್ಜಿ, ಕರಿಗುಡ್ಡಿ ಮ್ಯಾಲ ಗಾಜಿನಂಥಾ ಒಂದು ಪದರ ಇರತೈತಿ. ಕಾರ್ನಿಯಾ ಅಂತಾರ. ಅದರಾಗ ರಕ್ತ ಹರಿಯಂಗಿಲ್ಲ, ಹರದರ ಮಂದಾಗಿ ಕಣ್ಣು ಕಾಣಂಗಿಲ್ಲ. ಅದಕ್ಕ ಅದು ಉಸರಾಡೂದು ಸೀದಾ ಹೊರಗಿನ ಗಾಳೀಲೆ. ಹಗಲೂ ರಾತ್ರಿ ಲೆನ್ಸ್ ಮುಚ್ಚಿದರ ಅದಕ್ಕ ಉಸರ ಕಟ್ಟತೈತಿ, ಮ್ಯಾಲಿನ ತೊಗಲು ಸಡಲ ಆಗಿ ಗಾಯ ಆಗತೈತಿ. ಕೆರಿ ನೀರಾಗ ಕಣ್ಣಿಗಿ ಕಾಣದಂಥಾ ಹುಳ ಇರತಾವು. ಕುಡದರ ಏನೂ ಮಾಡಂಗಿಲ್ಲ. ಗಾಯದಾಗ ಹೊಕ್ಕರ ತಿಂತಾವು."

ಲಕ್ಷ್ಮವ್ವನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ.

"ಮತ್ತ ಏನರ ಹಾಕಿದ್ದೇನು ಕಣ್ಣಿಗಿ? ಎದಿಹಾಲು, ಎಲಿ ರಸ, ಏನರ?"

"ಇಲ್ಲರಿ" ಎಂದಳು ಸುಧಾ ತಟ್ಟನೆ. ಕೇಳಿದ ಮಾತು ಮುಗಿಯುವ ಮೊದಲೇ ಹೇಳಿದಳು.

ಆ ಹುಡುಗಿ ತನ್ನನ್ನು ಬಚ್ಚಿಡುತ್ತಿದ್ದಾಳೆ ಎಂದು ಲಕ್ಷ್ಮವ್ವನಿಗೆ ತಿಳಿಯಿತು. ಒಂದು ಗಳಿಗೆ, ಆ ಸುಳ್ಳಿನ ನೆರಳಲ್ಲಿ ಕೂತುಬಿಡೋಣ ಅನ್ನಿಸಿತು. ಆಮೇಲೆ ಸೆರಗು ಸರಿಮಾಡಿಕೊಂಡು, "ನಾ ನಾಲಿಗಿ ಹಾಕೇನ್ರಿ ಮೇಡಂ. ಭಾಳ ಸಲ ಹಾಕೇನ್ರಿ. ಕಸಾ ಅಂತ ತಿಳದಿದ್ದೆ" ಎಂದಳು.

ಡಾಕ್ಟರು ತಲೆಯೆತ್ತಿ ಅವಳ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬರೆದುಕೊಂಡರು. ಕಣ್ಣಿನ ಹುಣ್ಣು ಕೆರೆದು ಪರೀಕ್ಷೆಗೆ ಕಳಿಸಿದರು. ನೀರಿನ ಹುಳವೂ ಸಿಕ್ಕಿತು, ಬೇರೆ ಕ್ರಿಮಿಯೂ ಸಿಕ್ಕಿತು.

"ಯಾವದರಿಂದ ಸುರುವಾತ್ರಿ ಇದು?" ಎಂದು ಲಕ್ಷ್ಮವ್ವ ಕೇಳಿದಳು. "ನೀರಲಿಂದೋ, ನನ್ನ ಬಾಯಲಿಂದೋ?"

"ಅದನ್ನ ಯಾರಿಗೂ ಹೇಳಾಕ ಬರಂಗಿಲ್ಲ ಅಜ್ಜಿ."

ನೀರು ಕೊಟ್ಟ ಕೈಯೂ ತನ್ನದೇ, ನಾಲಿಗೆಯೂ ತನ್ನದೇ. ಹಾಗಿದ್ದೂ ಯಾವುದೆಂದು ತಿಳಿಯಬೇಕೆಂಬ ಆಸೆ ಅವಳನ್ನು ಬಿಡಲಿಲ್ಲ. ಮನುಷ್ಯರ ಮನಸ್ಸೇ ವಿಚಿತ್ರ, ತಪ್ಪಿಗೂ ಒಂದು ಹೆಸರು ಬೇಕು.

ಔಷಧ ಗಂಟೆಗೊಮ್ಮೆ ಬಿಡಬೇಕಿತ್ತು. ಲಕ್ಷ್ಮವ್ವ ಹಗಲು ರಾತ್ರಿ ಒಂದು ಮಾಡಿ ಬಿಟ್ಟಳು. ಗೂಳಪ್ಪ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಮನೆಗೆ ಬಂದು ಒಲೆ ಹಚ್ಚಿದ. ಬೇಸಿಗೆ ಹೋಯಿತು, ಹೆಸರುಕಾಳು ಬಿತ್ತಿ ಕೊಯ್ದದ್ದಾಯಿತು. ನೋವು ಇಳಿಯಿತು. ನೋಟ ಬರಲಿಲ್ಲ. ಬಲಗಣ್ಣಿನ ನಡುವೆ ಬಿಳಿ ಹೂ ಬಿದ್ದು ನಿಂತುಬಿಟ್ಟಿತು. ಸತ್ತವರ ಕಣ್ಣಿನ ಕಾರ್ನಿಯಾ ತೆಗೆದು ಹೊಲಿಯಬಹುದು, ಆದರೆ ಕೊಡುವವರು ಕಡಿಮೆ, ಕೇಳುವವರು ಸಾಲುಗಟ್ಟಿದ್ದಾರೆ, ಹೊಲಿದರೂ ಒಳಗಿನ ಹುಳ ಮತ್ತೆ ಎದ್ದರೆ ಅದೂ ಹೋಗುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಸಾಲಿನಲ್ಲಿ ಸುಧಾಳ ಹೆಸರು ಬರೆಸಿ ಅಜ್ಜಿ ಮೊಮ್ಮಗಳು ಊರಿಗೆ ಬಂದರು. ಗೋವಾದಿಂದ ರೇಣವ್ವ ಫೋನು ಮಾಡಿದಳು. "ನೀ ಇದ್ದು ಹಿಂಗಾತಲ್ಲ ಯವ್ವಾ" ಎಂದಷ್ಟೇ ಹೇಳಿ ಇಟ್ಟಳು. ಅದು ಬೈಗಳೋ ದುಃಖವೋ ಲಕ್ಷ್ಮವ್ವನಿಗೆ ತಿಳಿಯಲಿಲ್ಲ. ಎರಡೂ ಒಂದೇ ಕಡೆ ಚುಚ್ಚಿದವು.

ಊರು ಸುಮ್ಮನಿರುತ್ತದೆಯೇ? ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆ ಕೆರೆಯ ದಂಡೆಯಲ್ಲಿ ಅವಳ ಬೆನ್ನಿಗೆ ಕೇಳಿಸಿತು. ತಮಾಷೆಯೆಂದರೆ, ಹಾಗೆ ಅಂದವರೇ ಸುಗ್ಗಿ ಬಂದಾಗ ಮತ್ತೆ ಕಣ್ಣು ಒತ್ತಿಕೊಂಡು ಕಟ್ಟೆಗೆ ಬಂದು ಕೂತರು. ಆಗುವುದಿಲ್ಲ, ದವಾಖಾನೆಗೆ ಹೋಗಿ ಎಂದರೆ, ಸೊಕ್ಕು ಬಂದಿದೆ ಎಂದು ಮುನಿಸಿಕೊಂಡರು. ಎಷ್ಟು ಹೇಳಿದರೂ ಕೇಳದ ಜನಕ್ಕೆ ಲಕ್ಷ್ಮವ್ವ ಒಂದು ಉಪಾಯ ಮಾಡಿದಳು. ಜನ್ಮದಲ್ಲಿ ಮುಟ್ಟದ ತಂಬಾಕನ್ನು ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡಳು. ಮೊದಲ ದಿನ ತಲೆ ತಿರುಗಿ ವಾಂತಿಯಾಯಿತು. ಬಿಡಲಿಲ್ಲ. ಈಗ ಯಾರಾದರೂ ಬಂದರೆ ಬಾಯಿ ತೆರೆದು ಕಪ್ಪಗಿನ ನಾಲಿಗೆ ತೋರಿಸುತ್ತಾಳೆ. ನೋಡಿದವರು ಎದ್ದು ಹೋಗುತ್ತಾರೆ.

ಸುಧಾ ಮತ್ತೆ ಆ ದಪ್ಪ ಕನ್ನಡಕ ಹಾಕಿಕೊಂಡಿದ್ದಾಳೆ. ರೊಟ್ಟಿಗೆ ಶೈಲಾ ಕರೆಯಲಿಲ್ಲ, ಸುಧಾಳೂ ಕೇಳಲಿಲ್ಲ. ಮನೆಯಲ್ಲೇ ಕಾಳು ಹಸನು ಮಾಡುತ್ತಾಳೆ.

ಈ ಸಲದ ರಾಶಿಯ ಕಾಲಕ್ಕೆ, ಒಂದು ಮಧ್ಯಾಹ್ನ, ಅಂಗಳದಲ್ಲಿ ಕನ್ನಡಕ ತೆಗೆದು ಸೀರೆಯ ತುಂಡಿನಿಂದ ಒರೆಸುತ್ತಿದ್ದಾಗ ಗಾಳಿ ಸುಳಿಯಿತು. ಒಳಗೆ ಕೂತಿದ್ದ ಲಕ್ಷ್ಮವ್ವನಿಗೆ ಅವಳ ಕೂಗು ಕೇಳಿಸಿತು.

"ಆಯಿ, ಕಣ್ಣಾಗ ಏನೋ ಬಿತ್ತ. ಲಗೂ ಬಾ, ತಗಿ."

ಲಕ್ಷ್ಮವ್ವ ಬಾಯಲ್ಲಿದ್ದ ತಂಬಾಕನ್ನು ಉಗುಳಿ, ಉಪ್ಪಿನ ಗಡಿಗೆಗೆ ಕೈಹಾಕಿ, ಚರಿಗೆಯ ನೀರು ಬಾಯಿಗೆ ತುಂಬಿಕೊಂಡು ಮುಕ್ಕಳಿಸುತ್ತ ಹೊಸ್ತಿಲು ದಾಟಿದ್ದಳು. ಅಷ್ಟರಲ್ಲಿ ಅವಳ ಕಾಲು ನಿಂತವು. ಅಂಗಳದಲ್ಲಿ ಸುಧಾ ಬಿಸಿಲಿಗೆ ಮುಖ ಮಾಡಿ, ತಲೆ ಹಿಂದೆ ಚಾಚಿ, ತಾನೇ ಎಡಗಣ್ಣಿನ ರೆಪ್ಪೆ ಅಗಲಿಸಿಕೊಂಡು ನಿಂತಿದ್ದಳು. ಇದ್ದದ್ದು ಅದೊಂದೇ ಕಣ್ಣು. ಇಷ್ಟೆಲ್ಲ ಆದ ಮೇಲೂ ಅದನ್ನು ಹುಡುಗಿ ಆಯಿಗೇ ಎತ್ತಿ ಹಿಡಿದಿದ್ದಳು.

ಲಕ್ಷ್ಮವ್ವ ಬಾಯಲ್ಲಿದ್ದ ನೀರನ್ನು ತುಳಸಿಗಿಡದ ಬುಡಕ್ಕೆ ಉಗುಳಿ, ಹೋಗಿ ಅವಳ ಎರಡೂ ಮಣಿಕಟ್ಟು ಹಿಡಿದಳು.

"ಉಜ್ಜಬ್ಯಾಡ. ನಡಿ, ಬಸ್‌ಸ್ಟ್ಯಾಂಡಿಗಿ ಹೋಗೂಣು."

"ಸಣ್ಣದೈತಿ ಆಯಿ. ಹೊಟ್ಟ ಇರಬೇಕು. ಒಂದ ಸಲ ನೋಡ."

"ನಡಿ."

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಎದುರಿನ ಚಹಾದಂಗಡಿಯ ಫಯಾಜ್, "ಕಣ್ಣಾಗ ಕಸಾ ಬಿದ್ದರ ನೀವ ಬಸ್ ಹತ್ತತೀರೇನ್ ಅಮ್ಮಾ?" ಎಂದು ಕೇಳಿ, ಆಮೇಲೆ ನೆನಪಾಗಿ ಒಲೆಯ ಕಡೆ ತಿರುಗಿದ. ಸುಧಾಳ ಕಣ್ಣಿಂದ ನೀರು ಒಂದೇ ಸಮನೆ ಇಳಿಯುತ್ತಿತ್ತು. ಲಕ್ಷ್ಮವ್ವ ಅವಳ ಮಣಿಕಟ್ಟು ಬಿಡಲಿಲ್ಲ. ತನ್ನ ಬಾಯಿಗೆ ಸೆರಗು ಸುತ್ತಿಕೊಂಡಿದ್ದಳು. ನಾಲಿಗೆ ಬಾಯೊಳಗೇ ಹಲ್ಲಿಲ್ಲದ ವಸಡನ್ನು ತಡವುತ್ತಿತ್ತು. ಒಂದು ಕ್ಷಣದ ಕೆಲಸ ಅದು. ಅವಳಿಗೆ ಗೊತ್ತಿತ್ತು.

ದೂರದಲ್ಲಿ ದೂಳೆದ್ದಿತು. ಸದ್ದು ಕೇಳಿ ಸುಧಾ ತಲೆಯೆತ್ತಿದಳು.

"ಬಂತೇನ ಆಯಿ?"

ಬಂದದ್ದು ಹೊಟ್ಟು ತುಂಬಿದ ಟ್ರ್ಯಾಕ್ಟರ್. ಅದು ಹಾಯ್ದುಹೋಗುವವರೆಗೆ ಲಕ್ಷ್ಮವ್ವ ಹುಡುಗಿಯ ಮುಖವನ್ನು ಎದೆಗೆ ಒತ್ತಿ ಹಿಡಿದು, ತನ್ನ ಕಣ್ಣು ತೆರೆದುಕೊಂಡೇ ರಸ್ತೆ ನೋಡಿದಳು.

"ಬರತೈತಿ" ಎಂದಳು.